ಕಡಲಮೀನುಗಳ ಊಟ, ನಡೆ, ನುಡಿ

ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ, ರಾಜನ ಹಣವನ್ನು ಅಪಹರಿಸುವ ಅಧಿಕಾರಿಗಳ ವಿಷಯವನ್ನು ಹೇಳುವ ಸಂದರ್ಭದಲ್ಲಿ, ಮೀನಿನ ಉಪಮಾನವೊಂದನ್ನು ಕೊಟ್ಟಿರುವನು. ನೀರೇ ಮನೆಯಾಗಿರುವ ಮೀನು ಆ ನೀರನ್ನು ಕುಡಿಯುತ್ತಿರುವುದೋ ಇಲ್ಲವೋ ಎಂಬುದು ಹೊರಗಿನವರಿಗೆ ತಿಳಿಯದು. ಬೊಕ್ಕಸದ ನಡುವೆ ಕುಳಿತವನ ಕಳವೂ ಅಂತಹುದೇ ಎಂಬುದು ಅದರ ತಾತ್ಪರ್ಯ. ರಾಜನೀತಿಯನ್ನು ಓದುವವರು ಈ ಮಾತಿನ ಚಮತ್ಕಾರವನ್ನು ಮೆಚ್ಚಿ ಮುಂದೆ ಸಾಗುವುದು ವಾಡಿಕೆ. ಆದರೆ ಉಪಮೇಯವನ್ನು ಬದಿಗಿರಿಸಿ ಉಪಮಾನವನ್ನೇ ಹಿಡಿದು ವಿಚಾರಿಸಿದರೆ, ಪ್ರಾಣಿಶಾಸ್ತ್ರದ ನಿಜವಾದ ಪ್ರಶ್ನೆಯೊಂದು ಎದುರು ನಿಲ್ಲುತ್ತದೆ. ಮೀನು ನೀರನ್ನು ಕುಡಿಯುವುದೆ?

ಈ ಪ್ರಶ್ನೆಗೆ ಪ್ರಯೋಗಸಿದ್ಧವಾದ ಉತ್ತರವು ದೊರೆತದ್ದು 1930ನೆಯ ಇಸವಿಯಲ್ಲಿ. ಅಮೇರಿಕಾದ ಹೋಮರ್ ಸ್ಮಿತ್ ಎಂಬ ವಿದ್ವಾಂಸನು ಮೀನುಗಳಿದ್ದ ನೀರಿಗೆ ಬಣ್ಣವೊಂದನ್ನು ಬೆರೆಸಿ, ಅದು ಅವುಗಳ ಕರುಳಿನಲ್ಲಿ ಸೇರುವುದೋ ಇಲ್ಲವೋ ಎಂದು ಪರೀಕ್ಷಿಸಿದನು. ಸಮುದ್ರದ ಎಲುಬುಮೀನುಗಳು ನೀರನ್ನು ಕುಡಿಯುತ್ತಲೇ ಇರುವುವೆಂಬುದೂ, ಸಿಹಿನೀರಿನ ಮೀನುಗಳು ಬಹುಮಟ್ಟಿಗೆ ಕುಡಿಯುವುದಿಲ್ಲವೆಂಬುದೂ ಹೀಗೆ ಸಿದ್ಧವಾಯಿತು. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಕಡಲನೀರು ಮೀನಿನ ರಕ್ತಕ್ಕಿಂತ ಹೆಚ್ಚು ಉಪ್ಪಾದುದರಿಂದ ಶರೀರದ ನೀರು ಹೊರಕ್ಕೆ ಸೋರಿಹೋಗುತ್ತಿರುವುದು. ಆ ನಷ್ಟವನ್ನು ತುಂಬಿಕೊಳ್ಳಲು ಮೀನು ಕುಡಿಯಲೇಬೇಕು, ಕುಡಿದುದರಲ್ಲಿಯ ಉಪ್ಪನ್ನು ಕಿವಿರುಗಳ ಮೂಲಕ ಹೊರಕ್ಕೆ ಹಾಕಲೇಬೇಕು. ಕೌಟಿಲ್ಯನು ತಿಳಿಯಲಾಗದೆಂದು ಹೇಳಿದುದನ್ನು ತಿಳಿಯಲು ಮನುಷ್ಯನಿಗೆ ಶತಮಾನಗಳೇ ಹಿಡಿದುವು.

ಕುಡಿಯುವ ಒಂದು ಸಂಗತಿಗೇ ಇಷ್ಟು ಕಾಲ ಬೇಕಾಯಿತೆಂದ ಮೇಲೆ, ಕಡಲಮೀನು ಏನನ್ನು ತಿನ್ನುವುದು, ಎಲ್ಲಿ ಹೋಗಿ ಎಲ್ಲಿ ಬರುವುದು, ಅದಕ್ಕೆ ಧ್ವನಿಯುಂಟೆ ಎಂಬ ಪ್ರಶ್ನೆಗಳು ಎಷ್ಟು ಕಠಿನವೆಂಬುದನ್ನು ಊಹಿಸಬಹುದು. ಹುಲಿಯ ಹೆಜ್ಜೆ ಕೆಸರಿನಲ್ಲಿ ಮೂಡುತ್ತದೆ, ಹಕ್ಕಿಯ ಕೂಗು ಮನೆಯಂಗಳಕ್ಕೆ ಕೇಳುತ್ತದೆ. ಮೀನಿನ ಹೆಜ್ಜೆಯಾದರೋ ನೀರಿನಲ್ಲಿ ಉಳಿಯುವುದಿಲ್ಲ. ನಮ್ಮ ಪೂರ್ವಿಕರು ಮೀನಿಗೆ ಇಟ್ಟ ಹೆಸರುಗಳನ್ನು ನೋಡಿದರೂ ಇದು ವ್ಯಕ್ತವಾಗುತ್ತದೆ. ಅಗಲವಾದ ಹುರುಪೆಯುಳ್ಳದ್ದು ಪೃಥುರೋಮ, ಸರಿಯುತ್ತ ಹರಿದಾಡುವುದು ವಿಸಾರ, ಮೊಟ್ಟೆಯಿಂದ ಹುಟ್ಟಿದುದು ಅಂಡಜ, ರೆಪ್ಪೆ ಬಡಿಯದುದು ಅನಿಮಿಷ. ಕಣ್ಣಿಗೆ ಕಂಡ ಗುಣಗಳೆಲ್ಲ ಈ ಹೆಸರುಗಳಲ್ಲಿ ಬಂದಿವೆ. ಕಿವಿಗೆ ಕೇಳಿದ ಗುಣ ಒಂದೂ ಇಲ್ಲ. ಕೋಗಿಲೆಗೂ ಕಾಗೆಗೂ ಅವುಗಳ ಕೂಗಿನಿಂದಲೇ ಹೆಸರು ಬಂದಿರಲು, ಮೀನು ಮಾತ್ರ ಮೂಕಜೀವಿಯೆಂದು ಎಲ್ಲರೂ ನಂಬಿದ್ದರು.

ಎಲ್ಲರೂ ಎಂಬ ಮಾತಿಗೆ ಒಂದು ಅಪವಾದವುಂಟು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಯವನಪಂಡಿತನಾದ ಅರಿಸ್ಟಾಟಲನು ಲೆಸ್ಬೋಸ್ ದ್ವೀಪದಲ್ಲಿದ್ದಾಗ ಅಲ್ಲಿಯ ಕಡಲ ಜೀವಿಗಳನ್ನು ಕಣ್ಣಾರೆ ಪರೀಕ್ಷಿಸಿದನು. ಬೆಸ್ತರನ್ನು ಕೇಳಿ ತಿಳಿದ ಸಂಗತಿಗಳನ್ನೂ ತನ್ನ ಪ್ರಾಣಿಗ್ರಂಥದಲ್ಲಿ ಸೇರಿಸಿದನು. ಶ್ವಾಸಕೋಶವೂ ಗಂಟಲನಾಳವೂ ಇಲ್ಲದುದರಿಂದ ಮೀನಿಗೆ ಕಂಠಸ್ವರವಿಲ್ಲವೆಂದು ಅವನು ಹೇಳಿದುದು ನಿಜ. ಆದರೆ ಅಷ್ಟಕ್ಕೇ ನಿಲ್ಲದೆ, ಲೈರಾ, ಕ್ರೋಮಿಸ್ ಮೊದಲಾದ ಕೆಲವು ಮೀನುಗಳು ಒಂದು ಬಗೆಯ ಶಬ್ದವನ್ನು ಮಾಡುವುವೆಂದೂ, ಕೆಲವು ಕಿವಿರುಗಳನ್ನು ಉಜ್ಜುವುದರಿಂದಲೂ ಕೆಲವು ಹೊಟ್ಟೆಯ ಬಳಿ ಗಾಳಿಯಿರುವ ಅಂಗದಿಂದಲೂ ಅದನ್ನು ಹೊರಡಿಸುವುವೆಂದೂ ಬರೆದನು. ಹೊರಗಡೆ ಕಿವಿ ಕಾಣದಿದ್ದರೂ ಮೀನುಗಳು ಹುಟ್ಟಿನ ಸದ್ದಿಗೆ ಓಡಿಹೋಗುವುದರಿಂದ ಅವುಗಳಿಗೆ ಶ್ರವಣಶಕ್ತಿಯಿದೆಯೆಂದೂ ತರ್ಕಿಸಿದನು. ಆಹಾರದ ವಿಷಯದಲ್ಲಿ, ಮೀನನ್ನೇ ತಿನ್ನುವ ಮೀನುಗಳನ್ನೂ ಪಾಚಿಯನ್ನು ಮೇಯುವ ಮೀನುಗಳನ್ನೂ ಬೇರ್ಪಡಿಸಿದನು. ಗಿಳಿಮೀನು ಹಸುವಿನಂತೆ ಮೆಲುಕು ಹಾಕುವುದೆಂದು ಬರೆದುದರಲ್ಲಿ ಮಾತ್ರ ಅವನು ಎಡವಿದನು; ಆ ಮೀನು ಗಂಟಲಿನೊಳಗಿರುವ ಹಲ್ಲುಗಳಿಂದ ಆಹಾರವನ್ನು ಅರೆಯುವುದೆಂದು ಈಗ ತಿಳಿದಿದೆ. ತಪ್ಪಿದರೂ ಅವನು ಏನನ್ನೋ ನೋಡಿಯೇ ತಪ್ಪಿದನು.

ನಮ್ಮ ದೇಶದಲ್ಲಿ ಮೀನಿನ ಆಹಾರಕ್ರಮವನ್ನು ಕುರಿತು ಬರೆದವರಲ್ಲಿ ಮುಖ್ಯನಾದವನು ಕನ್ನಡ ನಾಡಿನ ದೊರೆಯೇ ಆಗಿರುವುದು ಹೆಮ್ಮೆಯ ವಿಷಯ. ಈಗ ಬಸವಕಲ್ಯಾಣವೆಂದು ಕರೆಯುವ ಕಲ್ಯಾಣಪಟ್ಟಣದಿಂದ 1126ರಿಂದ 1138ರ ವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ನೂರು ಪ್ರಕರಣಗಳ ಮಹಾಗ್ರಂಥ. ಅದರ ವಿನೋದಭಾಗದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದಿದೆ. ಅರಸನು ಗಾಳ ಹಾಕಿ ಮೀನು ಹಿಡಿಯುವ ಆಟವೇ ಅಲ್ಲಿಯ ವಿಷಯವಾದರೂ, ಕಡಲಿನ ಮೀನು ಹೊಳೆಯ ಮೀನು ಎಂಬ ವಿಭಾಗ, ಹುರುಪೆಯುಳ್ಳದ್ದು ಇಲ್ಲದುದು ಎಂಬ ವಿಭಾಗ, ಯಾವ ಮೀನಿಗೆ ಯಾವ ಮೇವು ಪ್ರಿಯವೆಂಬ ವಿವರಣೆ ಇವೆಲ್ಲವೂ ಅದರಲ್ಲಿ ಕಂಡುಬರುತ್ತವೆ. ಸಮುದ್ರದಿಂದ ಬಹುದೂರದ ರಾಜಧಾನಿಯಲ್ಲಿದ್ದ ಅರಸನು ಕಡಲಮೀನನ್ನೂ ಬಿಡದೆ ವಿಂಗಡಿಸಿದನೆಂಬುದು ಗಮನಾರ್ಹ. ಭಾರತದ ಪ್ರಾಣಿಸಮೀಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಮತ್ಸ್ಯಶಾಸ್ತ್ರಜ್ಞನ ಕಣ್ಣಿನಿಂದ ಪರಿಶೀಲಿಸಿ ಲೇಖನವನ್ನು ಪ್ರಕಟಿಸಿದ ಮೇಲೆ, ಇದು ಬರಿಯ ಅರಮನೆಯ ವಿನೋದವಲ್ಲ, ನೋಡಿ ತಿಳಿದ ಜ್ಞಾನವೆಂಬುದು ವಿದ್ವಾಂಸರಿಗೆ ಮನದಟ್ಟಾಯಿತು.

ಮೇವನ್ನು ತೋರಿಸಿ ಮೀನಿನ ರುಚಿಯನ್ನು ಅರಿಯುವುದು ಒಂದು ದಾರಿ. ಆಧುನಿಕರು ಹಿಡಿದ ದಾರಿ ಇನ್ನೂ ನೇರವಾದುದು. ಮೀನಿನ ಹೊಟ್ಟೆಯನ್ನು ಸೀಳಿ, ಒಳಗಿರುವುದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಎಣಿಸಿ ಅಳೆಯುವುದು. ನಮ್ಮ ಪಶ್ಚಿಮ ಕರಾವಳಿಯ ಬಡವರ ಊಟವಾದ ಬೂತಾಯಿ ಮೀನು ಈ ಪರೀಕ್ಷೆಗೆ ಮೊದಮೊದಲು ಒಳಗಾದವುಗಳಲ್ಲಿ ಒಂದು. ಮಂಗಳೂರು ಸೀಮೆಯು ಮದರಾಸು ಆಧಿಪತ್ಯದಲ್ಲಿ ಸೇರಿದ್ದ ಕಾಲದಲ್ಲಿ, ಆ ಆಧಿಪತ್ಯದ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ಲನು ರಾಮಸ್ವಾಮಿ ನಾಯುಡು ಅವರೊಡನೆ 1920ರ ದಶಕದಲ್ಲಿ ಬೂತಾಯಿಯ ಜೀವನಚರಿತ್ರೆಯನ್ನು ಬರೆದನು. ಕೆಲವು ವರ್ಷ ದಡವೆಲ್ಲ ಬೆಳ್ಳಿಯಾಗುವಷ್ಟು ಬಂದು, ತೆಂಗಿನ ಬುಡಕ್ಕೆ ಗೊಬ್ಬರವಾಗುವಷ್ಟು ಉಳಿದು, ಮತ್ತೆ ಕೆಲವು ವರ್ಷ ಮುಖವನ್ನೇ ತೋರಿಸದ ಈ ಮೀನಿನ ನಡೆಗೆ ಕಾರಣವೇನೆಂಬುದೇ ಅಂದಿನ ಚಿಂತೆಯಾಗಿತ್ತು. ಉತ್ತರದ ಒಂದು ಪಾಲು ಅದರ ಹೊಟ್ಟೆಯಲ್ಲಿ ಸಿಕ್ಕಿತು. ಮಳೆಗಾಲದಲ್ಲಿ ಕಡಲಿನ ಮೇಲ್ಪದರದಲ್ಲಿ ಹಬ್ಬುವ ಡಯಾಟಮ್ ಎಂಬ ಕಣ್ಣಿಗೆ ಕಾಣದ ಸಸ್ಯಗಳೇ ಅದರ ಮುಖ್ಯ ಆಹಾರ. ಅವುಗಳಲ್ಲಿ ಫ್ರಜಿಲೇರಿಯಾ ಓಶಿಯಾನಿಕಾ ಎಂಬ ಒಂದು ಜಾತಿಯು ಹೇರಳವಾಗಿದ್ದರೆ ಬೂತಾಯಿಯೂ ಹೇರಳವೆಂದು 1955ರಲ್ಲಿ ಸಂಶೋಧಕರು ಸೂಚಿಸಿದರು. ಬಂಗುಡೆಯ ಆಹಾರವನ್ನು ಕುರಿತು ಬಿ. ಎಸ್. ಭೀಮಾಚಾರ್ ಮತ್ತು ಪಿ. ಸಿ. ಜಾರ್ಜ್ ಅವರು 1952ರಲ್ಲಿ ಪ್ರಕಟಿಸಿದ ಲೇಖನವೂ ಇದೇ ಬಗೆಯದು. ಬಂಗುಡೆಯು ಬೇಟೆಗಾರನಲ್ಲ, ಕಿವಿರುಗಳ ಒಳಬದಿಯಲ್ಲಿ ಬಾಚಣಿಗೆಯಂತಿರುವ ಕಡ್ಡಿಗಳಿಂದ ಕಡಲನೀರನ್ನು ಸೋಸಿ, ಸೂಕ್ಷ್ಮಜೀವಿಗಳನ್ನು ನುಂಗುವ ಪ್ರಾಣಿ.

ಹೀಗೆ ಸಾವಿರ ಮೀನುಗಳ ಹೊಟ್ಟೆ ಸೀಳಿದರೆ ಅವುಗಳ ಊಟದ ಪಟ್ಟಿಯು ಸಿದ್ಧವಾಗುತ್ತದೆ. ಮೀನಿನ ವಯಸ್ಸನ್ನು ಕೂಡ ಸತ್ತ ಮೇಲೆ ತಿಳಿಯಬಹುದು. ತಲೆಯೊಳಗಿರುವ ಕಿವಿಗಲ್ಲಿನಲ್ಲಿ ಮರದ ಕಾಂಡದಲ್ಲಿರುವಂತೆ ವರ್ಷವರ್ಷದ ಬಳೆಗಳು ಮೂಡಿರುವುದನ್ನು 1899ರಲ್ಲಿ ಜರ್ಮನಿಯ ರೈಬಿಷ್ ಎಂಬವನು ಎಣಿಸಿ ತೋರಿಸಿದನು. ಆದರೆ ಆ ಕಲ್ಲು ಇರುವುದು ವಯಸ್ಸನ್ನು ಬರೆದಿಡಲು ಅಲ್ಲ, ಕೇಳಲು. ಮೀನು ಏನನ್ನು ಕೇಳುತ್ತಿತ್ತು, ಏನನ್ನು ನುಡಿಯುತ್ತಿತ್ತು ಎಂಬ ಪ್ರಶ್ನೆಗೆ ಸೀಳಿದ ಹೊಟ್ಟೆಯಲ್ಲಿಯೂ ಒಡೆದ ತಲೆಯಲ್ಲಿಯೂ ಉತ್ತರವಿಲ್ಲ. ಊಟವನ್ನು ಸತ್ತ ಮೀನಿನಿಂದ ತಿಳಿಯಬಹುದು. ನುಡಿಯನ್ನು ಬದುಕಿರುವ ಮೀನಿನಿಂದ, ಅದು ಇರುವಲ್ಲಿಗೆ ಹೋಗಿ, ತಾನು ಸದ್ದುಮಾಡದೆ ಇದ್ದೇ ತಿಳಿಯಬೇಕು. ಮತ್ಸ್ಯಶಾಸ್ತ್ರದ ಇತಿಹಾಸದಲ್ಲಿ ಈ ಎರಡನೆಯ ಬಗೆಯ ಜ್ಞಾನವು ಬಹಳ ತಡವಾಗಿ ಬಂದುದಕ್ಕೆ ಇದೇ ಕಾರಣ.

ಶಾಸ್ತ್ರಜ್ಞರಿಗೆ ತಡವಾಯಿತೇ ಹೊರತು ಬೆಸ್ತರಿಗೆ ತಡವಾಗಲಿಲ್ಲ. ಚೀನಾ ದೇಶದ ಲಿ ಶೀಝೆನ್ ಎಂಬ ವೈದ್ಯನು 1578ರಲ್ಲಿ ಮುಗಿಸಿದ, 1596ರಲ್ಲಿ ಅಚ್ಚಾದ ಮಹಾನಿಘಂಟುವಿನಲ್ಲಿ, 'ಕಲ್ಲುತಲೆ' ಎಂಬ ಅರ್ಥದ ಹೆಸರುಳ್ಳ ಮೀನಿನ ಪ್ರಸ್ತಾಪವಿದೆ. ಅದರ ತಲೆಯೊಳಗಿನ ಕಿವಿಗಲ್ಲುಗಳು ದೊಡ್ಡವಾದುದರಿಂದ ಆ ಹೆಸರು. ಹಳೆಯ ಗ್ರಂಥವೊಂದನ್ನು ಆಧಾರವಾಗಿಟ್ಟುಕೊಂಡು ಅವನು ಹೇಳುವ ಪ್ರಕಾರ, ಈ ಮೀನುಗಳು ಪ್ರತಿವರ್ಷವೂ ನಾಲ್ಕನೆಯ ತಿಂಗಳಿನಲ್ಲಿ ಹರದಾರಿಗಟ್ಟಲೆ ಉದ್ದದ ಹಿಂಡಾಗಿ ದಡದ ಕಡೆಗೆ ಬರುತ್ತವೆ. ಅವುಗಳ ಸದ್ದು ಗುಡುಗಿನಂತಿರುತ್ತದೆ. ಬೆಸ್ತರು ಬಿದಿರಿನ ಕೊಳವೆಯನ್ನು ನೀರಿಗಿಳಿಸಿ, ಮೇಲಿನ ತುದಿಗೆ ಕಿವಿಗೊಟ್ಟು, ಹಿಂಡಿರುವ ಜಾಗವನ್ನು ತಿಳಿದು ಬಲೆ ಬೀಸುತ್ತಾರೆ. ಮಲಯ ದೇಶದ ಪೂರ್ವತೀರದಲ್ಲಿಯೂ ಇಂತಹ ವಿದ್ಯೆಯಿತ್ತು. ಅಲ್ಲಿ 'ಜುರು ಸೆಲಾಮ್' ಎಂದು ಕರೆಯಲ್ಪಡುವ ಹಿರಿಯ ಬೆಸ್ತನು ದೋಣಿಯ ಅಂಚನ್ನು ಹಿಡಿದು ತಲೆಯನ್ನು ನೀರಿನಲ್ಲಿ ಮುಳುಗಿಸಿ, ಯಾವ ಜಾತಿಯ ಮೀನು ಯಾವ ದಿಕ್ಕಿನಲ್ಲಿದೆಯೆಂಬುದನ್ನು ಕಿವಿಯಿಂದಲೇ ಹೇಳುತ್ತಿದ್ದನು. ದೋಣಿಯಲ್ಲಿದ್ದ ಉಳಿದವರು ಅವನು ತಲೆಯೆತ್ತುವ ವರೆಗೆ ಕಾದು, ಅವನು ತೋರಿಸಿದ ಕಡೆಗೆ ಬಲೆಯನ್ನು ಬಿಡುತ್ತಿದ್ದರು.

ಯೂರೋಪಿನ ಪ್ರಯೋಗಶಾಲೆಗಳಲ್ಲಿ ಮಾತ್ರ ಮೀನಿಗೆ ಕಿವಿ ಕೇಳುವುದೆ ಎಂಬ ವಾದವೇ ಬಹುಕಾಲ ನಡೆಯಿತು. 1820ರಲ್ಲಿ ಜರ್ಮನಿಯ ವೇಬರನು, ಗೆಂಡೆ ಮೊದಲಾದ ಮೀನುಗಳಲ್ಲಿ ಹೊಟ್ಟೆಯ ಗಾಳಿಚೀಲದಿಂದ ಒಳಗಿವಿಯ ವರೆಗೆ ಸಣ್ಣ ಎಲುಬುಗಳ ಸರಪಳಿಯಿರುವುದನ್ನು ಕಂಡುಹಿಡಿದನು. 1857ರಲ್ಲಿ ಬರ್ಲಿನ್ನಿನ ಯೋಹಾನೆಸ್ ಮ್ಯೂಲರನು ಶಬ್ದಮಾಡುವ ಮೀನುಗಳ ಅಂಗರಚನೆಯನ್ನು ವಿವರಿಸಿದನು. ಹೀಗಿದ್ದರೂ ಮೀನು ಕಿವುಡೆಂದು ಸಾಧಿಸುವವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೂ ಇದ್ದರು. ಅವರಲ್ಲಿ ರೋಸ್ಟಾಕಿನ ಕರ್ಣವೈದ್ಯ ಕ್ಯೋರ್ನರನು ಮುಖ್ಯನು. ಕಾರ್ಲ್ ಫಾನ್ ಫ್ರಿಷ್ ಎಂಬ ವಿದ್ವಾಂಸನು ಕಣ್ಣಿಲ್ಲದಂತೆ ಮಾಡಿದ ಒಂದು ಪುಟ್ಟ ಕ್ಯಾಟ್‌ಫಿಶ್ ಮೀನನ್ನು ತೊಟ್ಟಿಯಲ್ಲಿಟ್ಟು, ಪ್ರತಿದಿನವೂ ಮೇವು ಕೊಡುವ ಮೊದಲು ಸಿಳ್ಳು ಹಾಕತೊಡಗಿದನು. ಕೆಲವೇ ದಿನಗಳಲ್ಲಿ ಮೇವಿಲ್ಲದೆ ಬರಿಯ ಸಿಳ್ಳು ಕೇಳಿದರೂ ಮೀನು ತನ್ನ ಮಣ್ಣಿನ ಕೊಳವೆಯ ಮನೆಯಿಂದ ಹೊರಬಂದಿತು. ಇದನ್ನು ನೋಡಲು ಬಂದ ಕ್ಯೋರ್ನರನು ಮೀನು ಸಿಳ್ಳಿಗೆ ಬರುವುದೆಂಬುದನ್ನು ಒಪ್ಪಿಕೊಳ್ಳಬೇಕಾಯಿತು. 1923ರಲ್ಲಿ ಪ್ರಕಟವಾದ ಈ ಪ್ರಯೋಗವು ಸಿಹಿನೀರಿನ ಮೀನಿನದಾದರೂ, ಮೀನಿನ ಕಿವಿಯ ಬಾಗಿಲನ್ನು ಶಾಸ್ತ್ರಕ್ಕೆ ತೆರೆದುಕೊಟ್ಟಿತು. ಜ್ಞಾನಕ್ಕಾಗಿ ಆ ಮೀನು ತನ್ನ ಕಣ್ಣನ್ನು ತೆತ್ತಿತೆಂಬುದನ್ನೂ ಮರೆಯತಕ್ಕದ್ದಲ್ಲ.

ಕಡಲಮೀನಿನ ನುಡಿಯನ್ನು ಲೋಕಕ್ಕೆ ಕೇಳಿಸಿದುದು ಯುದ್ಧ. 1942ನೆಯ ಇಸವಿಯಲ್ಲಿ ಅಮೇರಿಕಾದ ನೌಕಾಪಡೆಯು ಚೆಸಾಪೀಕ್ ಕೊಲ್ಲಿಯ ಬಾಯಿಯಲ್ಲಿ ಹೈಡ್ರೋಫೋನುಗಳೆಂಬ ಜಲಶ್ರವಣಯಂತ್ರಗಳನ್ನು ಮುಳುಗಿಸಿ, ಜರ್ಮನಿಯ ಜಲಾಂತರ್ಗಾಮಿ ನೌಕೆಗಳ ಸದ್ದಿಗಾಗಿ ಕಾದು ಕುಳಿತಿತ್ತು. ವಸಂತಕಾಲ ಬಂದೊಡನೆ ಸಂಜೆಯ ಹೊತ್ತಿನಲ್ಲಿ ಯಂತ್ರಗಳಿಂದ ಬಂಡೆ ಕೊರೆಯುವಂತಹ ಘೋರವಾದ ಶಬ್ದವು ಹೊರಟು, ಬೇರೇನೂ ಕೇಳಿಸದಂತಾಯಿತು. ವಿಚಾರಿಸಿ ನೋಡಲಾಗಿ ಅದು ಶತ್ರುವಿನದಾಗಿರಲಿಲ್ಲ. ಕೊಲ್ಲಿಗೆ ಬಂದ ಕ್ರೋಕರ್ ಮೀನುಗಳ ಗದ್ದಲವಾಗಿತ್ತು. ವಟಗುಟ್ಟುವುದೆಂಬುದೇ ಆ ಹೆಸರಿನ ಅರ್ಥ. ಚೀನಾದ ಬೆಸ್ತರು ಬಿದಿರಿನಲ್ಲಿ ಆಲಿಸಿದ ಕಲ್ಲುತಲೆಯ ಮೀನೂ ಇದೂ ಒಂದೇ ಮನೆತನಕ್ಕೆ ಸೇರಿದುವು. ಅದೇ ಕಾಲದಲ್ಲಿ ಬೆಚ್ಚನೆಯ ಕಡಲುಗಳ ತಳದಲ್ಲಿ ಕೇಳುತ್ತಿದ್ದ, ಹುರಿಯುವ ಬಾಣಲೆಯಂತಹ ಚಟಪಟ ಸದ್ದು ಚಿಟಿಕೆಸೀಗಡಿಗಳದೆಂದು ಕ್ಯಾಲಿಫೋರ್ನಿಯಾದ ಮಾರ್ಟಿನ್ ಜಾನ್ಸನ್ ಮತ್ತು ಅವನ ಜೊತೆಗಾರರು ಕಂಡುಹಿಡಿದರು. ನಡುಗಡಲಿನಲ್ಲಿ ಶಬ್ದದ ಪ್ರತಿಧ್ವನಿಯಿಂದ ಆಳವನ್ನು ಅಳೆಯುವಾಗ, ತಳವಲ್ಲದ ಕಡೆ ತಳದಂತೆ ಪ್ರತಿಧ್ವನಿ ಕೊಡುವ ಪದರವೊಂದು ಗೋಚರಿಸಿತು. ಅದು ಸಂಜೆಗೆ ಮೇಲಕ್ಕೇರಿ ಬೆಳಗಿಗೆ ಕೆಳಗಿಳಿಯುವುದನ್ನು ಜಾನ್ಸನನು 1945ರಲ್ಲಿ ತೋರಿಸಿ, ಅದು ಜೀವಿಗಳ ಸಮೂಹವೆಂದು ನಿರ್ಣಯಿಸಿದನು. ಹಗಲು ಕತ್ತಲೆಯ ಆಳದಲ್ಲಿ ಅಡಗಿದ್ದು ರಾತ್ರಿ ಮೇಲ್ಪದರಕ್ಕೆ ಮೇಯಲು ಬರುವ ಸಣ್ಣ ಮೀನುಗಳ ಮತ್ತು ಇತರ ಪ್ರಾಣಿಗಳ ಈ ದಿನಚರಿಯು ಹೀಗೆ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿದ್ದಿತು.

ಯುದ್ಧ ಮುಗಿದ ಮೇಲೆ, ಯಾವ ಸದ್ದು ಯಾವ ಪ್ರಾಣಿಯದೆಂದು ತಿಳಿಯದೆ ಗತಿಯಿಲ್ಲವೆಂದು ಮನಗಂಡ ನೌಕಾಪಡೆಯು ಆ ಕೆಲಸವನ್ನು 1946ರಲ್ಲಿ ಮೇರಿ ಪೋಲಂಡ್ ಫಿಶ್ ಎಂಬ ವಿದುಷಿಗೆ ಒಪ್ಪಿಸಿತು. ಆಕೆಯ ಮನೆತನದ ಹೆಸರಿಗೂ ಮೀನೆಂದೇ ಅರ್ಥವಿರುವುದು ಕಾಕತಾಳೀಯ. ರೋಡ್ ಐಲೆಂಡ್ ಪ್ರಾಂತದ ನ್ಯಾರಗ್ಯಾನ್‌ಸೆಟ್ ಕಡಲ ಪ್ರಯೋಗಶಾಲೆಯಲ್ಲಿ ಆಕೆಯು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು, ಮುನ್ನೂರಕ್ಕೂ ಹೆಚ್ಚು ಜಾತಿಯ ಕಡಲಜೀವಿಗಳ ಧ್ವನಿಯನ್ನು ಪರೀಕ್ಷಿಸಿದರು. ತೊಟ್ಟಿಯಲ್ಲಿ ಮೀನನ್ನು ಬಿಟ್ಟು, ಪಕ್ಕದಲ್ಲಿ ಶ್ರವಣಯಂತ್ರವನ್ನಿಟ್ಟು, ಅದು ತಾನಾಗಿ ನುಡಿದುದನ್ನೂ, ಬೆದರಿಸಿದಾಗ ನುಡಿದುದನ್ನೂ ಧ್ವನಿಮುದ್ರಣ ಮಾಡಿಕೊಳ್ಳುವುದು. ಕಡಲಿನಲ್ಲಿ ಕೇಳಿದ ಸದ್ದಿನೊಡನೆ ಅದನ್ನು ಹೋಲಿಸಿ ನೋಡುವುದು: ಇದು ಆಕೆಯ ಕ್ರಮ. ಹಳೆಯ ಕಾಲದ ನಿಘಂಟುಕಾರನು ಊರೂರು ತಿರುಗಿ ಮಾತುಗಳನ್ನು ಕೂಡಿಸಿದಂತೆ ಆಕೆಯು ಧ್ವನಿಗಳನ್ನು ಕೂಡಿಸಿದರು. 1966ರಲ್ಲಿ ನೌಕಾಪಡೆಯು ಆಕೆಗೆ ಉನ್ನತ ಗೌರವವನ್ನಿತ್ತಿತು. ವಿಲಿಯಂ ಮೋಬ್ರೇ ಅವರೊಡನೆ ಸೇರಿ 1970ರಲ್ಲಿ ಹೊರತಂದ ಪಶ್ಚಿಮೋತ್ತರ ಅಟ್ಲಾಂಟಿಕದ ಮೀನುಗಳ ಧ್ವನಿಗ್ರಂಥವು ಆ ಶಾಸ್ತ್ರಕ್ಕೆ ಅಡಿಗಲ್ಲಾಯಿತು. ಇತ್ತ 1953ರಲ್ಲಿ ಪ್ರಕಟವಾದ ಕೂಸ್ತೋ ಎಂಬ ಫ್ರೆಂಚ್ ಸಾಹಸಿಯ ಪ್ರಸಿದ್ಧ ಪುಸ್ತಕವು ಕಡಲನ್ನು ಮೌನಲೋಕವೆಂದೇ ಕರೆದುದು ಸ್ವಾರಸ್ಯವಾಗಿದೆ.

ಮೀನು ನುಡಿಯುವುದಾದರೂ ಹೇಗೆ, ಏತಕ್ಕೆ? ಕೆಲವು ಮೀನುಗಳು ಎಲುಬನ್ನು ಎಲುಬಿಗೆ, ಹಲ್ಲನ್ನು ಹಲ್ಲಿಗೆ ಉಜ್ಜಿ ಸದ್ದು ಮಾಡುವುವು. ಹೆಚ್ಚು ಬಲವಾದ ಧ್ವನಿಯು ಗಾಳಿಚೀಲದಿಂದ ಹೊರಡುವುದು. ಚರ್ಮವಾದ್ಯವನ್ನು ಬಾರಿಸುವಂತೆ ಅದನ್ನು ಸುತ್ತಣ ಸ್ನಾಯುಗಳು ಬಾರಿಸುವುವು. ಅಮೇರಿಕಾದ ಕರಾವಳಿಯ ಕಪ್ಪೆಮೋರೆಯ ಟೋಡ್ ಮೀನಿನ ಈ ಸ್ನಾಯುವು ಒಂದು ಸೆಕೆಂಡಿನಲ್ಲಿ ಸುಮಾರು 200 ಸಲ ಕುಗ್ಗಿ ಹಿಗ್ಗುತ್ತದೆ. ಬೆನ್ನೆಲುಬುಳ್ಳ ಪ್ರಾಣಿಗಳ ಸ್ನಾಯುಗಳಲ್ಲಿ ಇದಕ್ಕಿಂತ ಚುರುಕಾದುದು ವಿರಳ. ಗಂಡುಮೀನು ಕಲ್ಲಿನ ಕೆಳಗೆ ಗೂಡು ಮಾಡಿಕೊಂಡು, ಹಡಗಿನ ಕಹಳೆಯಂತೆ ಕೂಗಿ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ತಾನೇ ಕಾವಲಿರುತ್ತದೆ. ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ ಹಾಕಿನ್ಸ್ ಮತ್ತು ಜೊತೆಗಾರರು 1960ರ ದಶಕದಲ್ಲಿ ಹ್ಯಾಡಕ್ ಮೀನನ್ನು ತೊಟ್ಟಿಯಲ್ಲಿ ಪರೀಕ್ಷಿಸಿದಾಗ, ಗಂಡಿನ ಬಿಡಿಬಿಡಿಯಾದ ತಟ್ಟುವ ಸದ್ದು ಪ್ರಣಯದ ವೇಳೆಯಲ್ಲಿ ದ್ರುತಗತಿಗೇರಿ ಗುಂಯ್‌ಗುಟ್ಟುವುದು ಕೇಳಿಬಂದಿತು. ಹೀಗೆ ಕರೆ, ಗದರಿಕೆ, ಕಾವಲು ಇವೆಲ್ಲ ಆ ನುಡಿಯಲ್ಲಿವೆ.

ಕೇಳಲು ಕಲಿಯದವನಿಗೆ ಇದೇ ನುಡಿಯು ಭ್ರಾಂತಿಗೂ ಕಾರಣವಾಗುವುದುಂಟು. ಕ್ಯಾಲಿಫೋರ್ನಿಯಾದ ಸಾಸಲೀಟೋ ಎಂಬಲ್ಲಿ ತೇಲುಮನೆಗಳ ನಿವಾಸಿಗಳು 1980ರ ದಶಕದಲ್ಲಿ ಬೇಸಗೆಯ ರಾತ್ರಿಗಳಲ್ಲಿ ಗೋಡೆಗಳೇ ನಡುಗುವಂತಹ ಗುಂಯ್‌ಕಾರವನ್ನು ಕೇಳಿ ನಿದ್ದೆಗೆಟ್ಟರು. ಕೊಳಚೆಯ ಪಂಪು, ಸೈನ್ಯದ ರಹಸ್ಯಯಂತ್ರ ಎಂದು ಬಗೆಬಗೆಯ ಊಹೆಗಳು ಹುಟ್ಟಿದುವು. ಕಡೆಗೆ ಅದು ಮಿಡ್‌ಶಿಪ್‌ಮನ್ ಎಂಬ ಗಂಡುಮೀನಿನ ಪ್ರಣಯಗಾನವೆಂದು ತಿಳಿಯಿತು. ಸ್ವೀಡನ್ನಿನಲ್ಲಿ ಈ ಭ್ರಾಂತಿಯು ರಾಜಕಾರಣದ ವರೆಗೂ ಹೋಯಿತು. 1981ರಲ್ಲಿ ಸೋವಿಯತ್ ಜಲಾಂತರ್ಗಾಮಿಯೊಂದು ಅಲ್ಲಿಯ ತೀರದ ಬಂಡೆಯನ್ನೇರಿ ಸಿಕ್ಕಿಬಿದ್ದುದರಿಂದ, ಆ ಬಳಿಕ ನೀರಿನಲ್ಲಿ ಕೇಳಿದ ಪ್ರತಿಯೊಂದು ಸದ್ದೂ ಸಂಶಯಕ್ಕೆ ಎಡೆಯಾಯಿತು. 1996ರಲ್ಲಿ ಆ ಧ್ವನಿಮುದ್ರಣಗಳನ್ನು ಕೇಳಿದ ವಾಲ್‌ಬೆರಿ ಮತ್ತು ವೆಸ್ಟರ್‌ಬೆರಿ ಎಂಬ ವಿಜ್ಞಾನಿಗಳು, ಅವುಗಳಲ್ಲಿ ಸಂಶಯಕ್ಕೆ ಕಾರಣವಾಗಿದ್ದ ಒಂದು ಬಗೆಯ ಸದ್ದು ಹೆರಿಂಗ್ ಮೀನುಗಳು ಹಿಂಭಾಗದಿಂದ ಬಿಡುವ ಗಾಳಿಗುಳ್ಳೆಗಳದೆಂದು ತೋರಿಸಿಕೊಟ್ಟರು. ಹೆರಿಂಗ್ ಎಂಬುದು ನಮ್ಮ ಬೂತಾಯಿಯ ಬಳಗಕ್ಕೆ ಸೇರಿದುದೇ. ಈ ಸದ್ದು ಕತ್ತಲೆಯಲ್ಲಿ ಹೆಚ್ಚೆಂದೂ, ಹಿಂಡು ದೊಡ್ಡದಾದಷ್ಟೂ ಹೆಚ್ಚೆಂದೂ ಬೆನ್ ವಿಲ್ಸನ್ ಮೊದಲಾದವರು ಮುಂದೆ ಕಂಡುಕೊಂಡರು. ಇರುಳಿನಲ್ಲಿ ಒಂದನ್ನೊಂದು ಅಗಲದಿರಲು ಅದು ನೆರವಾಗುವುದೆಂದು ಅವರ ಊಹೆ.

ಇಷ್ಟರ ವರೆಗೆ ಈ ಚರಿತ್ರೆಯು ವಿನೋದವಾಗಿಯೇ ಇದೆ. ಇನ್ನು ಮುಂದಿನದು ಹಾಗಲ್ಲ. ವಟಗುಟ್ಟಿದ ಕಪ್ಪೆಯು ಹಾವಿಗೆ ತಾನೇ ದಾರಿ ತೋರಿಸಿದಂತೆ, ನುಡಿಯುವ ಮೀನು ತನ್ನ ನೆಲೆಯನ್ನು ತಾನೇ ಹೇಳಿಕೊಡುತ್ತದೆ. ಚೀನಾದ ಹಳದಿ ಕ್ರೋಕರ್ ಮೀನನ್ನು ಬಿದಿರಿನ ಕೊಳವೆಯಿಂದ ಆಲಿಸಿ ಹಿಡಿಯುತ್ತಿದ್ದ ಶತಮಾನಗಳಲ್ಲಿ ಅದಕ್ಕೆ ಕ್ಷಯವಿರಲಿಲ್ಲ. ಆದರೆ ಆ ಕರಾವಳಿಯ ದಕ್ಷಿಣದ ತುದಿಯಲ್ಲಿ ಇನ್ನೊಂದು ವಿದ್ಯೆಯೂ ಇತ್ತು. ಹತ್ತಾರು ದೋಣಿಗಳು ಸುತ್ತುವರಿದು, ಮರದ ಹಲಗೆಗಳನ್ನು ಒಮ್ಮೆಗೇ ಬಡಿದರೆ, ದೊಡ್ಡ ಕಿವಿಗಲ್ಲುಗಳುಳ್ಳ ಈ ಮೀನು ಆ ನಾದವನ್ನು ತಾಳಲಾರದೆ, ಹಿರಿದು ಕಿರಿದೆನ್ನದೆ ಮೂರ್ಛೆಹೋಗಿ ತೇಲುತ್ತಿತ್ತು. 1950ರ ದಶಕದಲ್ಲಿ ಈ ಕ್ರಮವು ಫೂಜಿಯನ್, ಝೇಜಿಯಾಂಗ್ ಪ್ರಾಂತಗಳಿಗೂ ಹಬ್ಬಿತು. ಸರಕಾರವು ಅದನ್ನು ನಿಷೇಧಿಸಬೇಕಾಯಿತು. ಬಳಿಕ 1970ರ ದಶಕದಲ್ಲಿ ಯಂತ್ರದ ದೋಣಿಗಳು ಮೀನು ಚಳಿಗಾಲವನ್ನು ಕಳೆಯುವ ಆಳದ ನೆಲೆಗೇ ಹೋಗಿ ಸೂರೆಮಾಡಿದುವು. ಗುಡುಗಿನಂತೆ ಬರುತ್ತಿದ್ದ ಹಿಂಡು ಆಮೇಲೆ ಬರಲಿಲ್ಲ. ಈಗ ಮಾರುಕಟ್ಟೆಗೆ ಬರುವ ಹಳದಿ ಕ್ರೋಕರ್ ಬಹುಪಾಲು ಸಾಕಿದ ಮೀನು. ಕಡಲಿನಲ್ಲಿಯದು ಅಳಿವಿನ ಅಂಚಿಗೆ ಬಂದಿದೆ. ಒಂದೇ ಕಿವಿ, ಒಂದೇ ಮೀನು, ಒಂದೇ ಕರಾವಳಿ. ಅದನ್ನು ಕೇಳಿದವರು ತಲೆಮಾರುಗಳ ಕಾಲ ಉಂಡರು; ಅದರ ಕಿವಿಯನ್ನು ಒಡೆದವರು ತಮ್ಮ ಮಕ್ಕಳ ತುತ್ತನ್ನೂ ಒಡೆದರು.

ಈ ಮನೆತನದ ಇತರ ಮೀನುಗಳ ಗತಿಯೂ ಹೆಚ್ಚು ಬೇರೆಯಲ್ಲ. ಮೆಕ್ಸಿಕೋ ದೇಶದ ಕ್ಯಾಲಿಫೋರ್ನಿಯಾ ಖಾರಿಯಲ್ಲಿ ಕೊರ್ವೀನಾ ಎಂಬ ಮೀನು ವಸಂತದ ಹುಣ್ಣಿಮೆ ಅಮಾವಾಸ್ಯೆಗಳ ಭರತಕ್ಕೆ ಹೊಂದಿ ಲಕ್ಷಾಂತರವಾಗಿ ನೆರೆದು ಮೊಟ್ಟೆಯಿಡುತ್ತದೆ. ಅದರ ಮೇಳಧ್ವನಿಯು ದೋಣಿಯ ಹಲಗೆಯ ಮೂಲಕವೇ ಬೆಸ್ತರಿಗೆ ಕೇಳುವಷ್ಟು ಜೋರಾದುದು. ಅದನ್ನು ಬೇಟೆಯಾಡುವ ಕಡಲ ಪ್ರಾಣಿಗಳ ಕಿವಿಯನ್ನು ಕೆಲಕಾಲವಾದರೂ ಮಂದಗೊಳಿಸಬಲ್ಲುದೆಂದು 2017ರಲ್ಲಿ ಎರಿಸ್ಮನ್ ಮತ್ತು ರೋವೆಲ್ ಅವರು ಬರೆದರು. ಬಲೆಗೆ ಆ ಧ್ವನಿಯೇ ದಾರಿ. ಅದೇ ಖಾರಿಯ ಟೊಟೊಆಬಾ ಮೀನೂ, ನಮ್ಮ ಗುಜರಾತ ಮಹಾರಾಷ್ಟ್ರಗಳ ಕಡಲಿನ ಘೋಳ್ ಮೀನೂ ಚೀನಾದ ಮಾರುಕಟ್ಟೆಯಲ್ಲಿ ಬೆಲೆಬಾಳುವುದು ಮಾಂಸಕ್ಕಿಂತ ಹೆಚ್ಚಾಗಿ ಹೊಟ್ಟೆಯ ಗಾಳಿಚೀಲಕ್ಕಾಗಿ. ಅಂದರೆ ಅದು ನುಡಿಯುವ ಅಂಗಕ್ಕಾಗಿಯೇ. 2023ರಲ್ಲಿ ಗುಜರಾತ ಸರಕಾರವು ಘೋಳನ್ನು ತನ್ನ ರಾಜ್ಯದ ಮೀನೆಂದು ಘೋಷಿಸಿತು. ಮನ್ನಣೆಯೊಡನೆ ರಕ್ಷಣೆಯೂ ಬಂದರೆ ಮಾತ್ರ ಆ ಘೋಷಣೆಯು ಸಾರ್ಥಕವಾದೀತು.

ಬಲೆಗೆ ಸಿಕ್ಕದ ಮೀನಿಗೂ ಇಂದು ಒಂದು ಕಷ್ಟವಿದೆ. ಹಡಗುಗಳ ಗಾಲಿಯೂ ಯಂತ್ರವೂ ಎಬ್ಬಿಸುವ ಸದ್ದು ತಗ್ಗಿನ ಸ್ವರದ್ದು. ಮೀನುಗಳು ನುಡಿಯುವ ಸ್ವರವೂ ಬಹುಮಟ್ಟಿಗೆ ಅದೇ. ಸಂತೆಯ ನಡುವೆ ಪಿಸುಮಾತು ಕೇಳದಂತೆ, ಹೆಣ್ಣಿಗೆ ಗಂಡಿನ ಕರೆ ಮುಟ್ಟುವುದು ಕಷ್ಟವಾಗುತ್ತದೆ. ಮರಿಮೀನುಗಳ ಪಾಲಿಗಂತೂ ಸದ್ದು ದಾರಿಯ ದೀಪವೇ ಆಗಿದೆ. ಆಸ್ಟ್ರೇಲಿಯಾದ ಹವಳದಿಬ್ಬಗಳಲ್ಲಿ, ದಿಬ್ಬದ ಸದ್ದನ್ನು ಯಂತ್ರದಿಂದ ನುಡಿಸಿದ ಜಾಗಕ್ಕೆ ನಡುಗಡಲಿನ ಮರಿಗಳು ಹೆಚ್ಚಾಗಿ ಬಂದು ನೆಲೆಸುವುದನ್ನು ಸಿಂಪ್ಸನ್ ಮೊದಲಾದವರು 2005ರಲ್ಲಿ ತೋರಿಸಿದರು. ಆ ಬಳಿಕ ಅಲ್ಲಿಯೇ, ಹಾಳಾದ ದಿಬ್ಬದ ತುಣುಕುಗಳಲ್ಲಿ ಆರೋಗ್ಯವಾದ ದಿಬ್ಬದ ಸದ್ದನ್ನು ಸುಮಾರು ಆರು ವಾರ ನುಡಿಸಲಾಗಿ, ನುಡಿಸದ ಕಡೆಗಿಂತ ಎರಡರಷ್ಟು ಮೀನುಗಳು ಬಂದು ಸೇರಿದುವೆಂದು 2019ರ ವರದಿಯೊಂದು ಹೇಳುತ್ತದೆ. ಮೀನಿನ ನುಡಿಯನ್ನು ಕಲಿತ ಮನುಷ್ಯನು ಅದನ್ನು ಬಲೆಗೆ ಕರೆಯುವುದಲ್ಲದೆ ಮನೆಗೂ ಕರೆಯಬಲ್ಲನೆಂಬುದಕ್ಕೆ ಇದು ನಿದರ್ಶನ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯನ್ನು ಕನ್ನಡಿಗರು ಮಕ್ಕಳಿಗೆ ಕಲಿಸುತ್ತ ಬಂದಿರುವರು. ಮನುಷ್ಯನು ಮೀನಿನ ಊಟವನ್ನು ಬಲ್ಲನು. ಅದಕ್ಕಾಗಿ ಎಣಿಕೆಯಿಲ್ಲದಷ್ಟು ಮೀನುಗಳ ಹೊಟ್ಟೆ ಸೀಳಿದನು. ಅದರ ಮಾತನ್ನು ಈಗ ಕಲಿಯತೊಡಗಿರುವನು. ಈ ಪಾಠಕ್ಕೆ ಪಾಠ ಹೇಳುವ ಮೀನು ಬದುಕಿರಬೇಕು, ಕೇಳುವ ಮನುಷ್ಯನು ಸ್ವಲ್ಪ ಹೊತ್ತಾದರೂ ಸದ್ದುಮಾಡದಿರಬೇಕು. ಬಿದಿರಿನ ಕೊಳವೆಗೆ ಕಿವಿಯಿಟ್ಟ ಚೀನಾದ ಬೆಸ್ತನಿಗೂ, ತಲೆಯನ್ನು ಕಡಲಿನಲ್ಲಿ ಮುಳುಗಿಸಿದ ಮಲಯದ ಹಿರಿಯನಿಗೂ ಈ ನಿಯಮವು ತಿಳಿದಿತ್ತು.